ಬಿತ್ತನೆ ಗೂಡು

ಮೇಲೂರಿನ ಹುಳುಮನೆಯಿಂದ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಿನ ಹಣೆಬರಹ ಮೊದಲೇ ಗೊತ್ತಿರುವಂಥದು. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗೂಡು ಹರಾಜಿನಲ್ಲಿ ನೂಲು ತೆಗೆಯುವ ರೀಲರ್ ಕೈ ಸೇರುತ್ತದೆ, ಅಲ್ಲಿಂದ ಕುದಿಯುವ ನೀರಿಗೆ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಬಂದರೆ ಎಳೆ ತುಂಡಾಗುತ್ತದೆ; ಹಾಗಾಗಿ ಅದು ಬರುವ ಮುಂಚೆಯೇ ಸಾಯಬೇಕು. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು, ಹತ್ತಿರಹತ್ತಿರ ನಾಲ್ಕು ಸಾವಿರ ಜೀವ. ಆದರೆ ಇದೇ ಕಸುಬಿನಲ್ಲಿ ಇನ್ನೊಂದು ಬಗೆಯ ಗೂಡೂ ಇದೆ. ಅದರ ಹೆಸರು ಬಿತ್ತನೆ ಗೂಡು. ಅದನ್ನು ಯಾರೂ ಕುದಿಸುವುದಿಲ್ಲ. ಅದು ಬಿತ್ತನೆ ಕೋಠಿಗೆ ಹೋಗುತ್ತದೆ. ಅಲ್ಲಿ ಚಿಟ್ಟೆ ಹೊರಬರಲಿ ಎಂದೇ ಕಾಯುತ್ತಾರೆ, ಗಂಡು ಹೆಣ್ಣು ಕೂಡಿಸುತ್ತಾರೆ, ಮೊಟ್ಟೆ ಇಡಿಸುತ್ತಾರೆ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ಗಂಟುರೋಗ ಇದೆಯೇ ಎಂದು ನೋಡುತ್ತಾರೆ. ಮೈಸೂರು ತಳಿಯ ಬಿತ್ತನೆಗೆಂದೇ ಕುಣಿಗಲ್, ಮಾಗಡಿ ಕಡೆಯ ಊರುಗಳನ್ನು ಬೇರೆಯಾಗಿ ಇಟ್ಟಿದ್ದಾರೆ. ಬಿತ್ತನೆ, ಗೂಡು, ನೂಲು ಮೂರನ್ನೂ ಹದ್ದುಬಸ್ತಿನಲ್ಲಿಡುವ ಕಾಯ್ದೆ ನಮ್ಮ ರಾಜ್ಯದಲ್ಲಿ 1959ರಿಂದ ಇದೆ. ದಿನಕ್ಕೆ ಲಕ್ಷಗಟ್ಟಲೆ ಕೊಲ್ಲುವ ಕಸುಬಿಗೂ, ಒಂದು ಜೀವ ಹೋಗುವುದಕ್ಕೂ ಒಂದು ತಳಿಯೇ ಹೋಗುವುದಕ್ಕೂ ಇರುವ ಅಂತರ ಇಷ್ಟು ಸ್ಪಷ್ಟವಾಗಿ ಗೊತ್ತಿದೆ. ನಮ್ಮ ಧರ್ಮವಿಚಾರಕ್ಕೆ ಈ ಅಂತರ ಗೊತ್ತಿದೆಯೇ? ಕೊಂದ ಪಾಪದ ಬಗ್ಗೆ ಶಾಸ್ತ್ರಗಳು ಸಾಕಷ್ಟು ಮಾತಾಡಿವೆ. ಒಂದು ಬಗೆಯ ಪ್ರಾಣಿಯನ್ನೇ ಇಲ್ಲವಾಗಿಸಿದರೆ ಅದು ಯಾವ ಪಾಪ, ಅದಕ್ಕೆ ಹೆಸರೇನು?

ಈ ಪ್ರಶ್ನೆ ಎತ್ತಲು ಹಿಮಾಲಯದವರೆಗೆ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಳಿ, ಬೋಳುಬಂಡೆಯ ಗುಡ್ಡದ ಒಂದು ಗುಹೆಯಲ್ಲಿ, ಒಂದು ಜಾತಿಯ ಸಣ್ಣ ಬಾವಲಿ ಇದೆ. ಇಂದು ಲೋಕದಲ್ಲಿ ಇನ್ನೆಲ್ಲೂ ಅದು ಇರುವುದು ಕಂಡುಬಂದಿಲ್ಲ. ಜರ್ಮನಿಯ ಡೀಟರ್ ಕಾಕ್ ಮತ್ತು ನಮ್ಮ ದೇಶದ ಎಚ್.ಆರ್. ಭಟ್ 1994ರಲ್ಲಿ ಅದನ್ನು ಬೇರೆಯೇ ಜಾತಿಯೆಂದು ಗುರುತಿಸಿ ಹಿಪ್ಪೊಸಿಡೆರೋಸ್ ಹೈಪೊಫಿಲ್ಲಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಮೊದಲ ಪದಕ್ಕೆ ಕುದುರೆಯ ಲಾಳ ಎಂದೂ ಎರಡನೆಯದಕ್ಕೆ ಎಲೆಯ ಕೆಳಗಿನದು ಎಂದೂ ಅರ್ಥ. ನಾವು ಕೋಲಾರದ ಎಲೆಮೂಗಿನ ಬಾವಲಿ ಎನ್ನಬಹುದು. ಮುಂಗೈ ಮೂಳೆ ನಾಲ್ಕು ಸೆಂಟಿಮೀಟರ್ ಆಸುಪಾಸು. ರೆಕ್ಕೆ ಮಡಿಚಿದರೆ ಅಂಗೈಯಲ್ಲಿ ಅಡಗುವಷ್ಟು ಮೈ. ಮೂಗಿನ ಮೇಲೆ ಮಡಿಕೆಮಡಿಕೆಯಾದ ತೊಗಲಿನ ಎಲೆ, ಸುತ್ತಲೂ ಲಾಳದ ಆಕಾರ. ಚಂದವೆನ್ನುವ ಮುಖವೇನಲ್ಲ. ಆದರೆ ಆ ಮಡಿಕೆ ಒಂದು ವಾದ್ಯ. ಈ ಕುಟುಂಬದ ಬಾವಲಿಗಳು ಬಾಯಿ ಮುಚ್ಚಿಕೊಂಡು ಮೂಗಿನಿಂದ ಕೂಗುತ್ತವೆ; ಎಲೆಯಂಥ ತೊಗಲು ಆ ಕೂಗನ್ನು ಬೇಕಾದ ದಿಕ್ಕಿಗೆ ತಿರುಗಿಸುತ್ತದೆ; ಹುಳಕ್ಕೆ ತಾಗಿ ಮರಳಿದ ದನಿಯಿಂದ ಹುಳ ಎಲ್ಲಿದೆ, ಎತ್ತ ಹಾರುತ್ತಿದೆ ಎಂದು ತಿಳಿಯುತ್ತದೆ. ನಮ್ಮ ಕಿವಿಯ ಎಲ್ಲೆ 20 ಕಿಲೋಹರ್ಟ್ಸ್. ಈ ಬಾವಲಿಯ ಕೂಗು 100ರ ಮೇಲಿನದು. ಅಂದರೆ ಹನುಮನಹಳ್ಳಿಯವರು ತಲೆತಲಾಂತರದಿಂದ ಅದರ ಕೂಗಿನ ಕೆಳಗೇ ಓಡಾಡಿದ್ದಾರೆ, ಒಂದು ಸಲವೂ ಕೇಳಿಸಿಕೊಂಡಿಲ್ಲ. ಮೊದಲು ಅದು ತೇರಹಳ್ಳಿಯ ಗುಹೆಯಲ್ಲೂ ಇತ್ತು, ಈಗ ಅಲ್ಲಿಲ್ಲ. ಉಳಿದ ಒಂದು ಗುಹೆಯಲ್ಲಿ ಇರುವುದು ಇನ್ನೂರಕ್ಕೂ ಕಡಿಮೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2016ರಲ್ಲಿ ಅದನ್ನು ಅತ್ಯಂತ ಗಂಡಾಂತರದ ಪಟ್ಟಿಗೆ ಸೇರಿಸಿತು. ಸುತ್ತ ಗ್ರಾನೈಟ್ ಗಣಿಗಾರಿಕೆ ನಡೆದಿತ್ತು. ಬಾವಲಿ ಸಂರಕ್ಷಣೆಯ ಒಂದು ಟ್ರಸ್ಟ್ ಮತ್ತು ರಾಜ್ಯದ ಅರಣ್ಯ ಇಲಾಖೆ ಕೈಜೋಡಿಸಿದ ಮೇಲೆ ಗುಹೆಯ ಸುತ್ತಲಿನ 30 ಎಕರೆ ಸಂರಕ್ಷಿತವಾಯಿತು. ಬಾವಲಿಗೆ ಹೆಸರಿಟ್ಟ ವರ್ಷದಲ್ಲಿ ಮೇಲೂರೂ ಹನುಮನಹಳ್ಳಿಯೂ ಒಂದೇ ಜಿಲ್ಲೆಯ ಊರುಗಳು. ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಜಿಲ್ಲೆ ಎರಡಾದರೂ ಬಂಡೆ ಒಂದೇ.

ಇನ್ನೂರು ಬಾವಲಿಯ ಕಡೆ ನಮ್ಮ ಧರ್ಮ ಹೇಗೆ ನೋಡುತ್ತದೆ? ಅಹಿಂಸೆಯ ಮಾತನ್ನು ನಮ್ಮಷ್ಟು ಆಳವಾಗಿ ಆಡಿದ ನಾಡುಗಳು ಕಡಿಮೆ. ಜೈನರು ಇಂದ್ರಿಯಗಳನ್ನು ಎಣಿಸಿ ಜೀವಗಳನ್ನು ಸಾಲಾಗಿ ನಿಲ್ಲಿಸಿದರು, ಒಂದೇ ಇಂದ್ರಿಯದ ಜೀವಕ್ಕೂ ನೋವಾಗದಂತೆ ನಡೆಯುವ ದಾರಿ ಹುಡುಕಿದರು. ಶರಣರು ದಯೆಯನ್ನು ಧರ್ಮದ ಬುಡಕ್ಕೆ ತಂದರು. ಮಾತು ಕೊಟ್ಟು ಹುಲಿಯ ಮುಂದೆ ಬಂದು ನಿಂತ ಹಸುವಿನ ಕತೆ ಕೇಳದೆ ಬೆಳೆದ ಕನ್ನಡದ ಮಗುವಿಲ್ಲ. ಇಷ್ಟೆಲ್ಲದರಲ್ಲೂ ಲೆಕ್ಕದ ಏಕಮಾನ ಒಂದೇ: ಜೀವ. ಒಂದು ಇರುವೆ, ಒಂದು ಹಸು, ಒಬ್ಬ ಮನುಷ್ಯ. ಈ ಲೆಕ್ಕದಲ್ಲಿ ಇನ್ನೂರು ಬಾವಲಿ ಸತ್ತರೆ ಇನ್ನೂರು ಹಿಂಸೆ. ರೀಲಿಂಗ್ ಘಟಕವೊಂದು ಬೆಳಗಿನ ಕಾಫಿಗೆ ಮುಂಚೆ ಮಾಡುವ ಹಿಂಸೆಗಿಂತ ಕಡಿಮೆ. ಅವು ತಾವಾಗಿ ಮರಿ ಹಾಕದೆ, ಯಾರೂ ಕೊಲ್ಲದೆ, ಒಂದೊಂದಾಗಿ ಮುದಿಯಾಗಿ ಸತ್ತು ಜಾತಿ ಮುಗಿದರೆ ಹಿಂಸೆಯ ಲೆಕ್ಕದಲ್ಲಿ ಬರೆಯಲು ಒಂದು ಸಾಲೂ ಇರುವುದಿಲ್ಲ. ಕ್ವಾರಿಯ ಸದ್ದಿಗೆ, ದೂಳಿಗೆ ಬೇಸತ್ತು ಗುಹೆ ಬಿಟ್ಟು ಹೋದ ಬಾವಲಿಯನ್ನು ಯಾರು ಕೊಂದರು? ಅಹಿಂಸೆಯ ಅಳತೆಗೋಲು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಅಳೆಯಲು ಹುಟ್ಟಿದ್ದು ಬೇರೆಯದನ್ನು.

ಶಾಸ್ತ್ರಕಾರರಿಗೆ ಇದು ಯಾಕೆ ಹೊಳೆಯಲಿಲ್ಲ ಎಂಬುದಕ್ಕೆ ಒಂದು ಗಟ್ಟಿ ಕಾರಣವಿದೆ, ಅದು ಉದಾಸೀನವಲ್ಲ. ಹಸು ಎಂಬ ಪದ ಯಾವುದನ್ನು ಹೇಳುತ್ತದೆ, ಎದುರಿಗಿರುವ ಈ ಹಸುವನ್ನೋ ಎಲ್ಲ ಹಸುಗಳಲ್ಲೂ ಇರುವ ಹಸುತನವನ್ನೋ ಎಂದು ವ್ಯಾಕರಣದವರು ಪತಂಜಲಿಗೂ ಮುಂಚಿನಿಂದ ಜಗಳವಾಡಿದ್ದಾರೆ. ವ್ಯಾಡಿ ಒಂದು ಕಡೆ, ವಾಜಪ್ಯಾಯನ ಇನ್ನೊಂದು ಕಡೆ. ಮೀಮಾಂಸಕರು ಎರಡನೆಯ ಪಕ್ಷ ಹಿಡಿದರು: ಪದದ ಅರ್ಥ ಆಕೃತಿ, ಆ ಆಕೃತಿ ನಿತ್ಯ. ವೇದದ ಮಾತು ನಿತ್ಯವಾಗಬೇಕಾದರೆ ಅದು ಹೇಳುವ ಅರ್ಥವೂ ನಿತ್ಯವಾಗಿರಬೇಕು ಎಂಬುದು ಅವರ ಪಟ್ಟು. ನ್ಯಾಯ, ವೈಶೇಷಿಕದವರಿಗೂ ಜಾತಿ ನಿತ್ಯವೇ. ಹಸುಗಳು ಹುಟ್ಟುತ್ತವೆ, ಸಾಯುತ್ತವೆ. ಹಸುತನ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಹೀಗೆ ನಂಬಿದವನಿಗೆ ಒಂದು ಜಾತಿ ಅಳಿಯುತ್ತದೆ ಎಂಬ ಮಾತೇ ಅರ್ಥವಾಗದು. ಆಗಲಾರದ್ದಕ್ಕೆ ಪ್ರಾಯಶ್ಚಿತ್ತ ಬರೆಯುವವರು ಯಾರು? ಯೂರೋಪಿನಲ್ಲೂ ಹೀಗೇ ಇತ್ತು. ದೇವರ ಸೃಷ್ಟಿಯ ಸರಪಳಿಯಲ್ಲಿ ಒಂದು ಕೊಂಡಿ ಕಳಚದು ಎಂದು ಅಲ್ಲಿನ ಪಂಡಿತರು ನಂಬಿದ್ದರು. ಆನೆಯಂಥ ಪ್ರಾಣಿಯ ದೈತ್ಯ ಮೂಳೆಗಳು ಸಿಕ್ಕಾಗ ಅಮೆರಿಕದ ಥಾಮಸ್ ಜೆಫರ್ಸನ್ ಅದು ಪಶ್ಚಿಮದ ಕಾಡಿನಲ್ಲಿ ಇನ್ನೂ ಬದುಕಿರಬೇಕು ಎಂದುಕೊಂಡಿದ್ದ. 1796ರಲ್ಲಿ ಪ್ಯಾರಿಸ್ಸಿನ ಜಾರ್ಜ್ ಕುವಿಯೆ ಮೂಳೆಗಳನ್ನು ಹೋಲಿಸಿ, ಇವು ಇಂದಿನ ಆನೆಗಳವಲ್ಲ, ಆ ಪ್ರಾಣಿಗಳು ಭೂಮಿಯ ಮೇಲೆ ಇನ್ನಿಲ್ಲ ಎಂದು ತೋರಿಸಿದ. ಜಾತಿಯೂ ಸಾಯುತ್ತದೆ ಎಂಬ ತಿಳಿವಳಿಕೆಗೆ ಇನ್ನೂರ ಮೂವತ್ತು ವರ್ಷ ವಯಸ್ಸಾಗಿದೆ, ಅಷ್ಟೆ. ಧರ್ಮಶಾಸ್ತ್ರಗಳು ಅದಕ್ಕಿಂತ ಬಹಳ ಹಳೆಯವು.

ಆದರೆ ಶಾಸ್ತ್ರ ಮೌನವಾದಲ್ಲಿ ಕತೆ ಮತ್ತು ಮಾತು ಸುಮ್ಮನಿರಲಿಲ್ಲ. ಮಹಾಭಾರತದ ವನಪರ್ವದಲ್ಲಿ ಪ್ರಳಯದ ಮುನ್ನ ಮೀನು ಮನುವಿಗೆ ಹೇಳುವುದು ಎಲ್ಲ ಜೀವಗಳನ್ನೂ ಉಳಿಸು ಎಂದಲ್ಲ. ಎಲ್ಲದರ ಬೀಜವನ್ನೂ ದೋಣಿಗೆ ಹಾಕಿಕೊ ಎಂದು. ಮುಳುಗಿ ಸತ್ತ ಕೋಟಿ ಜೀವಗಳ ಬಗ್ಗೆ ಆ ಕತೆಗೆ ಹೆಚ್ಚು ಮಾತಿಲ್ಲ, ದೋಣಿಯಲ್ಲಿದ್ದ ಬೀಜದ ಬಗ್ಗೆ ಇದೆ. ನಮ್ಮ ಹಳ್ಳಿಯ ಬೈಗುಳವನ್ನೇ ನೋಡಿ. ನೀನು ಸಾಯ ಎನ್ನುವುದು ಒಂದು ಶಾಪ, ಸಿಟ್ಟು ಬಂದಾಗ ತಾಯಿಯೂ ಮಗನಿಗೆ ಅಂದುಬಿಡುತ್ತಾಳೆ. ನಿನ್ನ ವಂಶ ನಿರ್ವಂಶವಾಗಲಿ ಎನ್ನುವುದು ಬೇರೆಯೇ ಶಾಪ. ಅದನ್ನು ಆಡಿದ ಬಾಯಿಯೂ ನಡುಗುತ್ತದೆ, ಮಣ್ಣು ತೂರಿ ಆಡುವ ಮಾತು ಅದು. ಎರಡನೆಯದು ಮೊದಲನೆಯದರ ಹತ್ತು ಪಟ್ಟೋ ನೂರು ಪಟ್ಟೋ ಅಲ್ಲ, ಅದರ ಜಾತಿಯೇ ಬೇರೆ ಎಂದು ಆಡುವವರಿಗೂ ಕೇಳುವವರಿಗೂ ಗೊತ್ತು. ಬರಗಾಲದಲ್ಲಿ ರಾಗಿ ಮುಗಿದರೆ ಕೂಲಿಗೆ ಹೋಗುತ್ತಾರೆ, ಸಾಲ ತರುತ್ತಾರೆ, ಸೊಪ್ಪು ಬೇಯಿಸುತ್ತಾರೆ. ಬಿತ್ತನೆಗೆ ಬೂದಿ ಬೆರೆಸಿಟ್ಟ ಕಾಳಿಗೆ ಕೈಹಾಕುವುದು ಕಟ್ಟಕಡೆಗೆ. ಬಿತ್ತನೆ ಕಾಳು ತಿಂದ ಮನೆ ಎಂದರೆ ಅದಕ್ಕಿಂತ ಕೆಳಗೆ ಇಳಿಯಲು ಮೆಟ್ಟಿಲಿಲ್ಲ ಎಂದು ಅರ್ಥ.

ಬೀಜ ಮುಗಿಸಬಾರದೆಂಬ ಈ ತಿಳಿವಿಗೆ ನಮ್ಮ ಸೀಮೆಯದೇ ಒಂದು ಕತೆಯ ಸಾಕ್ಷಿಯೂ ಇದೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದ ಊರು ಎಂಬುದು ಸ್ಥಳಪುರಾಣ. ಬಕ ಊರಿನ ಮೇಲೆ ಬಿದ್ದು ಎಲ್ಲರನ್ನೂ ಒಂದೇ ದಿನ ತಿನ್ನಬಹುದಿತ್ತು. ತಿನ್ನಲಿಲ್ಲ. ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ, ಮನೆಗೊಂದು ಸರದಿ ಎಂದು ಒಪ್ಪಂದ ಮಾಡಿಕೊಂಡ. ಕ್ರೂರ ಒಪ್ಪಂದ, ಸಂಶಯವಿಲ್ಲ. ಆದರೂ ಊರು ಮುಗಿಯಬಾರದು ಎಂಬ ಎಚ್ಚರ ಆ ರಕ್ಕಸನಿಗೂ ಇತ್ತು; ಅದು ಊರಿನ ಮೇಲಿನ ಪ್ರೀತಿಯಲ್ಲ, ನಾಳಿನ ಹಸಿವಿನ ಮುಂಜಾಗ್ರತೆ. ಗುಡ್ಡವನ್ನು ಬುಡಸಮೇತ ಜಲ್ಲಿ ಮಾಡುವ ಕ್ರಷರಿನ ಲೆಕ್ಕದಲ್ಲಿ ಈ ಸರದಿ ಇಲ್ಲ. ಬಂಡೆ ಮತ್ತೆ ಬೆಳೆಯುವುದಿಲ್ಲ. ಕೋಲಾರ, ನಂದಿ ಕಡೆಯ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷವಾಗಿದೆ.

ಇನ್ನು ಗೀತೆ. ಅರ್ಜುನ ಬಿಲ್ಲು ಕೆಳಗಿಟ್ಟದ್ದು ಅಜ್ಜನನ್ನು, ಗುರುವನ್ನು ಕೊಲ್ಲಬೇಕಲ್ಲಾ ಎಂದು ಮಾತ್ರವಲ್ಲ. ಮೊದಲ ಅಧ್ಯಾಯದಲ್ಲಿ ಅವನು ಬಿಡಿಸಿ ಬಿಡಿಸಿ ಹೇಳುವ ಭಯ ಕುಲಕ್ಷಯ: ಕುಲ ಹೋದರೆ ಅದರ ಜೊತೆ ಏನೇನು ಹೋಗುತ್ತದೆ, ಹಿಂದಿನವರಿಗೆ ಏನಾಗುತ್ತದೆ, ಮುಂದಿನವರಿಗೆ ಏನಾಗುತ್ತದೆ. ಕೃಷ್ಣನ ಮೊದಲ ಉತ್ತರ ಆತ್ಮಕ್ಕೆ ಸಾವಿಲ್ಲ ಎಂಬುದು. ಅದು ಕೊಲ್ಲುವ ದುಃಖಕ್ಕೆ ಉತ್ತರ. ಕುಲಕ್ಷಯದ ದುಃಖಕ್ಕೆ ಅದು ಉತ್ತರವಾದೀತೇ? ಒಬ್ಬೊಬ್ಬರ ಆತ್ಮವೂ ಅಮರ ಎಂದುಕೊಂಡರೂ ಕುಲವೆಂಬುದು ಆತ್ಮಗಳ ಮೊತ್ತವಲ್ಲವಲ್ಲ. ಕೃಷ್ಣ ಕೊನೆಗೆ ಅರ್ಜುನನನ್ನು ಏಳಿಸುವುದು ಸ್ವಧರ್ಮ, ಫಲತ್ಯಾಗ, ಶರಣಾಗತಿಗಳ ದಾರಿಯಿಂದ. ಕುಲಕ್ಷಯದ ಪ್ರಶ್ನೆಯನ್ನು ಅವನು ಅದರದೇ ನೆಲದಲ್ಲಿ ಬಿಡಿಸಿದ ಎಂದು ನನಗನ್ನಿಸುವುದಿಲ್ಲ. ಭಾಷ್ಯಕಾರರು ಒಪ್ಪದಿರಬಹುದು.

ಬಾವಲಿಯ ವಿಷಯದಲ್ಲೂ ಮೊದಲು ಏಳುವ ಆಕ್ಷೇಪ ಇದೇ ದಾರಿಯದು. ದೇಹ ಅಂಗಿಯಿದ್ದಂತೆ, ಬಾವಲಿಯ ಜೀವ ಇನ್ನೊಂದು ದೇಹಕ್ಕೆ ಹೋಗುತ್ತದೆ, 84 ಲಕ್ಷ ಯೋನಿಗಳಿರುವಾಗ ಒಂದು ಇಲ್ಲವಾದರೆ ಜೀವಕ್ಕೆ ಮನೆ ಸಿಗದೇ ಹೋಗುತ್ತದೆಯೇ? ಕರ್ಮಸಿದ್ಧಾಂತವನ್ನು ನಿಜವಾಗಿ ನಂಬುವವರು ಇದನ್ನು ಇನ್ನೊಂದು ಬದಿಯಿಂದ ನೋಡಬೇಕು. ಒಂದೊಂದು ಯೋನಿಯೂ ಲೋಕವನ್ನು ಅನುಭವಿಸುವ ಒಂದೊಂದು ಬಗೆ. ಕತ್ತಲನ್ನು ಕೂಗಿನಿಂದ ತಡವಿ ನೋಡುವುದು, ತಲೆಕೆಳಗಾಗಿ ನಿದ್ದೆಮಾಡುವುದು, ಹಾರುತ್ತಲೇ ಉಣ್ಣುವುದು, ಇದು ಕೋಟ್ಯಂತರ ವರ್ಷ ತಿದ್ದಿದ ಒಂದು ಅನುಭವ. ಬಾವಲಿಗಳ ಪಳೆಯುಳಿಕೆ ಐದು ಕೋಟಿ ವರ್ಷದ ಹಿಂದಿನವೂ ಸಿಕ್ಕಿವೆ. ಯೋನಿಯೊಂದನ್ನು ಮುಚ್ಚುವುದೆಂದರೆ ಬರಲಿರುವ ಎಲ್ಲ ಜೀವಗಳಿಗೂ ಆ ಬಾಗಿಲಿಗೆ ಬೀಗ ಹಾಕಿದಂತೆ. ಪಟ್ಟಿಯಲ್ಲಿ 84 ಲಕ್ಷವಿದೆ ಎಂಬುದು ಒಂದನ್ನು ಅಳಿಸಲು ಪರವಾನಗಿಯಾಗದು. ಕಟ್ಟಿದ್ದು ನಾವಲ್ಲ, ಎಣಿಸಿದ್ದೂ ನಾವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಚುರುಕಾದದ್ದು, ಅದಕ್ಕೆ ಬೌದ್ಧರ ಬೆಂಬಲವಿದೆ. ಜಾತಿ ಎಂಬುದು ಬರಿಯ ಹೆಸರಲ್ಲವೇ? ಬೌದ್ಧ ತರ್ಕಕಾರ ದಿಙ್ನಾಗನ ಪ್ರಕಾರ ಹಸು ಎಂದರೆ ಹಸುವಲ್ಲದ್ದನ್ನು ಬೇರೆ ಮಾಡಿದ್ದು ಅಷ್ಟೆ. ಹಸುತನ ಎಂಬ ವಸ್ತುವೇ ಇಲ್ಲ. 1994ಕ್ಕೆ ಮುಂಚೆ ಈ ಬಾವಲಿಗೆ ಬೇರೆ ಹೆಸರಿರಲಿಲ್ಲ; ಇಬ್ಬರು ವಿಜ್ಞಾನಿಗಳು ಮೂಗಿನ ತೊಗಲು, ತಲೆಬುರುಡೆ ಅಳೆದು ಗೆರೆ ಎಳೆದರು. ಎಳೆದ ಗೆರೆ ಅಳಿಸಿದರೆ ಲೋಕಕ್ಕೇನು ನಷ್ಟ? ಈ ವಾದದ ಅರ್ಧಭಾಗ ಸರಿಯೆಂದು ಒಪ್ಪಬೇಕು. ನಿತ್ಯವಾದ ಬಾವಲಿತನವೊಂದು ಎಲ್ಲೋ ಇದೆ ಎಂದು ನಂಬಲು ಕಾರಣ ಕಾಣುವುದಿಲ್ಲ; ಇದ್ದಿದ್ದರೆ ಗುಹೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಯೇ ಇರಲಿಲ್ಲ. ಆದರೆ ನಿತ್ಯವಾದ ಆಕೃತಿಗೂ ಬರಿಯ ಹೆಸರಿಗೂ ನಡುವೆ ಮೂರನೆಯದೊಂದಿದೆ, ಅದನ್ನು ತೋರಿಸಿದವರೂ ಬೌದ್ಧರೇ: ಸಂತಾನ. ದೀಪದಿಂದ ದೀಪ ಹಚ್ಚಿದಾಗ ಹಳೆಯ ಉರಿಯೇ ಹೊಸದಕ್ಕೆ ಹಾರಲಿಲ್ಲ, ಹಾಗೆಂದು ಹೊಸದು ಹಳೆಯದರ ಸಂಬಂಧವಿಲ್ಲದ್ದೂ ಅಲ್ಲ. ತಾಯಿಯಿಂದ ಮರಿಗೆ, ಮರಿಯಿಂದ ಅದರ ಮರಿಗೆ ನಡುವೆ ಒಂದು ಸಲವೂ ಕಡಿಯದೆ ಬಂದ ಹರಿವನ್ನೇ ಜಾತಿ ಎನ್ನುತ್ತೇವೆ. ಅದು ನಿತ್ಯವಲ್ಲ, ಆದ್ದರಿಂದಲೇ ಕಡಿಯಬಹುದು. ಅದು ಕಲ್ಪನೆಯೂ ಅಲ್ಲ; ಆದ್ದರಿಂದಲೇ ಕಡಿದರೆ ಒಂದು ನಿಜವಾದದ್ದು ಹೋಗುತ್ತದೆ. ಹೆಸರನ್ನು ಮನುಷ್ಯ ಕೊಟ್ಟ, ಹರಿವನ್ನು ಕೊಡಲಿಲ್ಲ. ಮೈಸೂರು ತಳಿಯ ಹುಳುವಿಗೆ ಆ ಹೆಸರು ಇಟ್ಟವರೂ ಮನುಷ್ಯರೇ, ಆದರೂ ಆ ತಳಿಯ ಬಿತ್ತನೆ ಗೂಡು ಮುಗಿದರೆ ಹೆಸರಿನಿಂದ ಮೊಟ್ಟೆ ಇಡಿಸಲಾಗದು.

ಕಾಲ ಎಲ್ಲವನ್ನೂ ನುಂಗುತ್ತದೆ, ಭೂಮಿಯ ಮೇಲೆ ಬದುಕಿದ ಜಾತಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಅಳಿದಿವೆ, ಇದೂ ಅಳಿಯಲಿ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಎಲ್ಲ ಮನುಷ್ಯರೂ ಸಾಯುತ್ತಾರೆ ಎಂಬ ಸತ್ಯ ಯಾವ ಕೊಲೆಗಾರನನ್ನೂ ನ್ಯಾಯಾಲಯದಲ್ಲಿ ಬಿಡಿಸಿಲ್ಲ.

ಪ್ರಯೋಜನದ ಪ್ರಶ್ನೆಗೆ ಬರೋಣ, ಏಕೆಂದರೆ ಬಾವಲಿಯ ಪರವಾಗಿ ಮಾತಾಡುವವರು ತಟ್ಟನೆ ಹಿಡಿಯುವುದು ಇದನ್ನೇ: ಬಾವಲಿ ಹುಳು ತಿನ್ನುತ್ತದೆ, ರೈತನಿಗೆ ಉಪಕಾರಿ. ಹುಳು ತಿನ್ನುವ ಬಾವಲಿಗಳ ಮಟ್ಟಿಗೆ ಒಟ್ಟಿನಲ್ಲಿ ಇದು ನಿಜ. ಆದರೆ ಇನ್ನೂರು ಬಾವಲಿ ಇಲ್ಲವಾದರೆ ಕೋಲಾರದ ಟೊಮೆಟೊ ಬೆಳೆಗೆ ಎದ್ದುಕಾಣುವ ನಷ್ಟವೇನೂ ಆಗದು. ಅದೇ ಗುಹೆಯಲ್ಲಿ, ಸುತ್ತಲ ಬಂಡೆಗಳಲ್ಲಿ ಬೇರೆ ಬಾವಲಿಗಳೂ ಇವೆ. ಉಪಯೋಗದ ವಾದವನ್ನು ನಂಬಿ ಕೂತರೆ ನಾಳೆ ಯಾರಾದರೂ ಲೆಕ್ಕ ಹಾಕಿ, ಒಂದು ಲೋಡ್ ಸೈಜುಗಲ್ಲಿನ ಬೆಲೆ ಇವು ತಿನ್ನುವ ಹುಳುಗಳ ಬೆಲೆಗಿಂತ ಹೆಚ್ಚು ಎಂದು ತೋರಿಸುತ್ತಾರೆ. ಆಗ ಬಾಯಿ ಕಟ್ಟುತ್ತದೆ. ಉಪಯೋಗದ ಕಣ್ಣು ಬಾವಲಿಗೆ ಮಾಡಿದ ಅನ್ಯಾಯ ಕಾನೂನಿನಲ್ಲೇ ದಾಖಲಾಗಿದೆ. 1972ರ ವನ್ಯಜೀವಿ ಕಾಯ್ದೆ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿ ಇಟ್ಟಿತ್ತು. ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಲ್ಲಿ. ದೇಶದ ನೂರಕ್ಕೂ ಹೆಚ್ಚು ಬಾವಲಿ ಜಾತಿಗಳಲ್ಲಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ದೀರ್ಘಕಾಲ ಸಿಕ್ಕಿದ್ದು ಎರಡಕ್ಕೆ ಮಾತ್ರ; ಅವುಗಳಲ್ಲೊಂದು ಮೊದಲು ದೊರೆತದ್ದು ನಮ್ಮ ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಯಲ್ಲಿ. 2018ರಲ್ಲಿ ಕೇರಳದಲ್ಲಿ ನಿಫಾ ಬಂದ ಮೇಲೆ ಎಲ್ಲ ಬಾವಲಿಯ ಮೇಲೂ ಕಣ್ಣು ಕೆಂಪಾಯಿತು. ಆ ವೈರಸ್ಸಿನ ಮನೆ ಹಣ್ಣು ತಿನ್ನುವ ದೊಡ್ಡ ತೊಗಲುಬಾವಲಿ. ಗುಹೆಯ ಈ ಸಣ್ಣ ಪ್ರಾಣಿಯಲ್ಲ.

ಬಡವರ ಅನ್ನದ ಆಕ್ಷೇಪವನ್ನು ಮಾತ್ರ ಹಗುರವಾಗಿ ದಾಟಬಾರದು. ಕಲ್ಲು ಒಡೆದು ಬದುಕುವವರು ಈ ಸೀಮೆಯಲ್ಲಿ ಸಾವಿರಾರು ಮಂದಿ. ಬಾವಲಿಗಾಗಿ ಬಂಡೆ ಬಿಡಿ ಎಂದು ಹೊಟ್ಟೆ ತುಂಬಿದವರು ಹೇಳುವುದರಲ್ಲಿ ಒಂದು ಹೇಸಿಗೆಯಿದೆ. ಆದರೆ ಸುತ್ತಿಗೆ, ಉಳಿ, ಬೆಂಕಿ ಹಿಡಿದು ಬಂಡೆ ಎಬ್ಬಿಸುತ್ತಿದ್ದ ಕಲ್ಲುಕುಟಿಗ ತಲೆಮಾರು ಕಳೆದರೂ ಗುಡ್ಡ ಮುಗಿಸಲಿಲ್ಲ. ಗುಡ್ಡ ಮುಗಿಸಿದ್ದು ಸಿಡಿಮದ್ದು, ಹಿಟಾಚಿ, ಬೆಂಗಳೂರಿನ ಕಟ್ಟಡಗಳ ಹಸಿವು. ಅದರ ಲಾಭ ಹೋದ ದಾರಿ ಬೇರೆ, ಅಪಾಯ ಬಂದ ದಾರಿ ಬೇರೆ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಬಾವಲಿ ಮತ್ತು ಕೂಲಿಕಾರ ಎದುರಾಳಿಗಳೆಂದು ಚಿತ್ರ ಬರೆಯುವವರು ಈ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. ಇನ್ನೊಂದು ಮಾತು: ಬಾವಲಿಗೆ ಬಿಟ್ಟಿರುವುದು ಎಲ್ಲ ಬಂಡೆಯನ್ನಲ್ಲ, 30 ಎಕರೆ. ಕೈವಾರದ ಜನ ಬಕನಿಗೆ ಕೊಟ್ಟದ್ದಕ್ಕಿಂತ ಇದು ಬಹಳ ಕಡಿಮೆ.

ಹಾಗಾದರೆ ಶಿಡ್ಲಘಟ್ಟದ ಹುಳು? ನಾಲ್ಕು ಸಾವಿರ ಕುದಿಸಿ ಒಂದು ಕಿಲೋ ನೂಲು ತೆಗೆಯುವ ಸೀಮೆಯವರು ಇನ್ನೂರು ಬಾವಲಿಗೆ ಕಣ್ಣೀರು ಹಾಕುವುದು ಬೂಟಾಟಿಕೆಯಲ್ಲವೇ ಎಂದು ಜೈನ ಮುನಿಯೊಬ್ಬರು ಕೇಳಿದರೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಕುದಿಸುವುದು ಹಿಂಸೆಯೇ. ಬಿತ್ತನೆ ಗೂಡಿನ ಮಾತು ಹೇಳಿ ಆ ಹಿಂಸೆಯನ್ನು ತೊಳೆಯಲು ನಾನು ಹೊರಟಿಲ್ಲ. ಎರಡು ತಪ್ಪುಗಳು ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ ಎಂಬುದಷ್ಟೇ ನನ್ನ ವಾದ. ಹಿಂಸೆಯಲ್ಲಿ ನೊಂದ ಜೀವವೊಂದು ಇರುತ್ತದೆ, ಅದರ ಪರವಾಗಿ ದಯೆ ಮಾತಾಡುತ್ತದೆ. ಜಾತಿಯೇ ಮುಗಿಯುವ ಬೀಜನಾಶದಲ್ಲಿ ನೊಂದವರು ಯಾರೆಂದು ಹುಡುಕಿದರೆ ಸಿಗುವುದಿಲ್ಲ. ಕೊನೆಯ ಬಾವಲಿಗೆ ತಾನು ಕೊನೆಯದೆಂದು ಗೊತ್ತಿರುವುದಿಲ್ಲ. ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪದಲ್ಲಿ ಒಂದು ಪುಟ್ಟ ಬಾವಲಿ ಜಾತಿಯ ಕೊನೆಯದೊಂದರ ಕೂಗನ್ನು 2009ರ ಆಗಸ್ಟಿನಲ್ಲಿ ಯಂತ್ರಗಳು ಹಿಡಿದವು. ಮತ್ತೆ ಆ ಕೂಗು ದಾಖಲಾಗಲಿಲ್ಲ. 2017ರಲ್ಲಿ ಜಾತಿ ಅಳಿದಿದೆ ಎಂದು ಘೋಷಿಸಿದರು. ಆ ರಾತ್ರಿ ಯಾವ ಜೀವಕ್ಕೂ ಹಿಂಸೆಯಾಗಲಿಲ್ಲ. ದಯೆಗೆ ಕಾಣದ ಈ ನಷ್ಟವನ್ನು ಕಾಣಲು ಬೇರೆ ಗುಣ ಬೇಕು. ಬಿತ್ತನೆ ಕಾಳನ್ನು ಕಾಯುವ ಮುದುಕಿಯಲ್ಲಿರುವುದು ಕಾಳಿನ ಮೇಲಿನ ಕರುಣೆಯಲ್ಲ. ಅದನ್ನು ಋಣ ಎನ್ನಬಹುದು: ತನಗೆ ಬಂದದ್ದನ್ನು ತನ್ನಲ್ಲೇ ಮುಗಿಸದೆ ದಾಟಿಸುವ ಹೊಣೆ. ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಎಣಿಸಿದ ಪರಂಪರೆಗೆ ಈ ಮಾತು ಹೊಸದೇನಲ್ಲ. ಅವುಗಳಲ್ಲಿ ಪಿತೃಋಣ ತೀರುವುದು ಮುಂದಕ್ಕೆ ಕೊಡುವುದರಿಂದ.

ಇಲ್ಲಿ ಒಂದು ಎಚ್ಚರ. ಋಣ ಎಂದ ಕೂಡಲೇ ನಮಗೆ ತೋಚುವುದು ಪೂಜೆ. ಇಲಿಗೆ ಗಣಪ, ಗೂಬೆಗೆ ಲಕ್ಷ್ಮಿ, ಕಾಗೆಗೆ ಶನಿ, ನಾಯಿಗೆ ಭೈರವ ಸಿಕ್ಕಿದ್ದಾರೆ. ಬಾವಲಿಗೆ ಯಾವ ದೇವರೂ ಸಿಕ್ಕಿಲ್ಲ, ಪಾಳುಬಿದ್ದ ಗುಡಿಯ ಗುರುತಾಗಿ ಅಪಶಕುನದ ಹೆಸರು ಮಾತ್ರ ಸಿಕ್ಕಿದೆ. ಇದಕ್ಕೂ ಒಬ್ಬ ದೇವರನ್ನು ಹುಡುಕಿ, ಗುಹೆಯನ್ನು ಪುಣ್ಯಸ್ಥಳ ಮಾಡಿದರೆ ಉಳಿದೀತು ಎಂದು ಒಳ್ಳೆಯ ಮನಸ್ಸಿನವರು ಹೇಳಬಹುದು. ದೇವರಕಾಡು, ಊರ ಗುಂಡುತೋಪುಗಳು ಹಾಗೆಯೇ ಉಳಿದವಲ್ಲವೇ? ಮರ ಉಳಿಯಿತು ನಿಜ. ಆದರೆ ಗುಹೆಗೆ ದೇವರು ಬಂದರೆ ಆಮೇಲೆ ಏನೇನು ಬರುತ್ತದೆಂದು ನಮ್ಮ ಬೆಟ್ಟಗಳೇ ತೋರಿಸುತ್ತವೆ: ಮೆಟ್ಟಿಲು, ಕಬ್ಬಿಣದ ಬಾಗಿಲು, ಟ್ಯೂಬ್‌ಲೈಟು, ಕರ್ಪೂರದ ಹೊಗೆ, ಮೈಕ್‌ಸೆಟ್ಟು, ಕಾರ್ತಿಕದ ದೀಪ. ಗುಹೆಯ ತೇವ, ಕತ್ತಲು, ನಿಶ್ಶಬ್ದ ಹೋದರೆ ಬಾವಲಿಯೂ ಹೋಗುತ್ತದೆ. ಉಪನಿಷತ್ತಿನ ಋಷಿಗಳು ಆತ್ಮ ಇರುವ ಜಾಗವನ್ನು ಗುಹೆ ಎಂದು ಕರೆದರು. ಕೈವಾರದ ಯೋಗಿ ತಾತಯ್ಯನವರು ತಪಸ್ಸಿಗೆ ಕೂತದ್ದು ಬೆಟ್ಟದ ಗುಹೆಯಲ್ಲಿ. ಅವರಿಗೆ ಬೇಕಿದ್ದದ್ದೂ ಬಾವಲಿಗೆ ಬೇಕಿರುವುದೂ ಒಂದೇ, ಯಾರೂ ಬಾರದ ಕತ್ತಲು. ಆದ್ದರಿಂದ ಈ ಒಂದು ವಿಷಯದಲ್ಲಿ ಧರ್ಮಕಾರ್ಯ ಎಂದರೆ ಹೋಗದಿರುವುದು: ಟಾರ್ಚು ಹಿಡಿದು ನೋಡಲು ಹೋಗದಿರುವುದು, ಫೋಟೋಗೆ ಹೋಗದಿರುವುದು, ಭಕ್ತಿಗೂ ಹೋಗದಿರುವುದು. ಯಾತ್ರೆಗೆಂದು ಇಷ್ಟೊಂದು ನಡೆಯುವ ನಮ್ಮ ಧರ್ಮಗಳಿಗೆ ಇದು ಕಷ್ಟದ ವ್ರತ.

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯ ಬಂಡೆಗಳಲ್ಲಿ ಹೆಸರಿಲ್ಲದ ಪೊಟರೆ, ಬಿರುಕು, ಗವಿಗಳು ಎಷ್ಟಿವೆಯೋ. ಬಂಡೆಯನ್ನು ಗುತ್ತಿಗೆಗೆ ಕೊಡುವ ಮುನ್ನ ಗ್ರಾಮಸಭೆ ಒಂದು ಸಂಜೆ ಆ ಗವಿಯ ಬಾಯಿಯಿಂದ ದೂರದಲ್ಲಿ, ಲೈಟು ಆರಿಸಿ ಕೂತು, ಕತ್ತಲಾಗುವಾಗ ಏನು ಹೊರಬರುತ್ತದೆಂದು ನೋಡಲಿ, ತಿಳಿದವರನ್ನು ಕರೆಸಿ ಕೇಳಲಿ. ತೇರಹಳ್ಳಿಯ ಗುಹೆ ಬರಿದಾದ ದಿನ ಯಾರೂ ಹೀಗೆ ಕೂತಿರಲಿಲ್ಲ. ಬಿತ್ತನೆ ಗೂಡಿನಿಂದ ಹೊರಬಂದ ಒಂದು ರೇಷ್ಮೆಚಿಟ್ಟೆ ನಾನ್ನೂರು, ಐನೂರು ಮೊಟ್ಟೆ ಇಡುತ್ತದೆ. ಎಲೆಮೂಗಿನ ಬಾವಲಿಗಳು ಒಂದು ಸಲಕ್ಕೆ ಹೆರುವುದು ಒಂದೇ ಮರಿ.